ಎಲ್ಲ ಸರಿ ಇದೆ ಅನ್ನೋದಕ್ಕಲ್ಲ ಟೆಸ್ಟಿಂಗ್

ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಅಪ್ಪಳಿಸಿದ್ದು 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ. ಚಂದ್ರಯಾನ-3 ಮೆತ್ತಗೆ ಇಳಿದಿದ್ದು 2023ರ ಆಗಸ್ಟ್ 23ರ ಸಂಜೆ. ಮೊದಲನೇ ಸಲ ಕಣ್ಣೀರು, ಎರಡನೇ ಸಲ ಪಟಾಕಿ. ಮಧ್ಯದ ನಾಲ್ಕು ವರ್ಷಗಳ ಕಥೆಯಲ್ಲಿ ಎರಡೂ ಇಲ್ಲ. ಇಂಜಿನಿಯರಿಂಗ್ ಓದಿ ಟಿವಿಗೆ ಬಂದ ನನಗೆ ತುಂಬಾ ಇಷ್ಟವಾದ ಭಾಗ ಮಾತ್ರ ಅದೇ. ಆ ಕಥೆಯ ಹೆಸರು ಟೆಸ್ಟಿಂಗ್.

ಹಾಗಾದ್ರೆ ಚಂದ್ರಯಾನ-2ನ್ನ ಟೆಸ್ಟ್ ಮಾಡಿರಲಿಲ್ವಾ? ಮಾಡಿದ್ರು ಸ್ವಾಮಿ. ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ ಚಂದ್ರನ ಮೇಲಿರುವಂಥ ಗುಂಡಿಗಳನ್ನೇ ತೋಡಿ ಸೆನ್ಸರ್‌ಗಳನ್ನ ಪರೀಕ್ಷಿಸಿದ್ರು. ಆದರೂ ಬಿತ್ತು. ಯಾಕೆ ಅಂತ 2023ರ ಜುಲೈನಲ್ಲಿ, ಅಂದಿನ ಇಸ್ರೋ ಅಧ್ಯಕ್ಷ ಎಸ್. ಸೋಮನಾಥ್ ಬಿಡಿಸಿ ಹೇಳಿದರು.

ಲ್ಯಾಂಡರ್‌ನ ಐದು ಇಂಜಿನ್‌ಗಳು ಲೆಕ್ಕಕ್ಕಿಂತ ಜಾಸ್ತಿ ನೂಕುಬಲ ಕೊಟ್ಟವು. ಆ ವ್ಯತ್ಯಾಸ ಹನಿಹನಿಯಾಗಿ ಸೇರಿ ದೊಡ್ಡದಾಯ್ತು. ಅದನ್ನ ಸರಿಪಡಿಸೋಕೆ ಲ್ಯಾಂಡರ್ ಬೇಗ ತಿರುಗಬೇಕಿತ್ತು. ಅಷ್ಟು ಬೇಗ ತಿರುಗೋಕೆ ಸಾಫ್ಟ್‌ವೇರ್ ಬಿಡಲಿಲ್ಲ. ಅಷ್ಟು ವೇಗ ಬೇಕಾದೀತು ಅಂತ ಯಾರೂ ಎಣಿಸಿರಲಿಲ್ಲ. ಜೊತೆಗೆ ಇಳಿಯೋಕೆ ಗುರುತು ಮಾಡಿದ್ದ ಜಾಗ ಬರೀ 500 ಮೀಟರ್ ಉದ್ದ, 500 ಮೀಟರ್ ಅಗಲ. ಅಲ್ಲಿಗೇ ತಲುಪಬೇಕು ಅನ್ನೋ ಹಟದಲ್ಲಿ, ನೆಲ ಹತ್ತಿರ ಬಂದ ಮೇಲೂ ಅದು ವೇಗ ಹೆಚ್ಚಿಸ್ತಾ ಹೋಯ್ತು.

ಈಗ ಹೇಳಿ, ತಪ್ಪು ಹಾರ್ಡ್‌ವೇರ್‌ದಾ, ಸಾಫ್ಟ್‌ವೇರ್‌ದಾ? ಇಂಜಿನ್ ಕೈಕೊಡಲಿಲ್ಲ, ಉರೀತಾನೇ ಇತ್ತು. ಸಾಫ್ಟ್‌ವೇರ್ ತನಗೆ ಹಾಕಿದ ಗೆರೆ ದಾಟಲಿಲ್ಲ. ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ವಿಚಾರಿಸಿದ್ರೆ ಇಬ್ಬರೂ ಸಾಚಾ. ಒಟ್ಟಿಗೆ ಬಿಟ್ಟಾಗ ಎಡವಟ್ಟಾಯ್ತು.

ಚಂದ್ರಯಾನ-3ರಲ್ಲಿ ಬದಲಾಗಿದ್ದು ಇದೇ. ಯಾವುದು ಸರಿಯಾಗಿ ನಡೆಯುತ್ತೆ ಅಂತ ನೋಡುವ ಬದಲು, ಏನೇನು ಕೆಡಬಹುದು ಅಂತ ಪಟ್ಟಿ ಮಾಡಿದ್ರು. ಸೆನ್ಸರ್ ಸತ್ತರೆ? ಇಂಜಿನ್ ನಿಂತರೆ? ಲೆಕ್ಕವೇ ತಪ್ಪಿದರೆ? ಪ್ರತಿಯೊಂದಕ್ಕೂ ಉತ್ತರ ರೆಡಿ ಇರಬೇಕು. ಆಮೇಲೆ ಪರೀಕ್ಷೆ. ಸೆನ್ಸರ್ ಮತ್ತು ದಾರಿ ಹುಡುಕುವ ವ್ಯವಸ್ಥೆಯನ್ನ ಹೆಲಿಕಾಪ್ಟರ್‌ಗೆ ಕಟ್ಟಿ ಹಾರಿಸಿದ್ರು. ಅದು ಕೋಲ್ಡ್ ಟೆಸ್ಟ್. ಇನ್ನೊಂದು ಹಾಟ್ ಟೆಸ್ಟ್, ಟವರ್ ಕ್ರೇನ್‌ನಲ್ಲಿ. ಸೆನ್ಸರ್ ನೋಡುತ್ತೆ, ಸಾಫ್ಟ್‌ವೇರ್ ತೀರ್ಮಾನ ಮಾಡುತ್ತೆ, ಇಂಜಿನ್ ಪಾಲಿಸುತ್ತೆ, ಸೆನ್ಸರ್ ಮತ್ತೆ ನೋಡುತ್ತೆ. ಈ ಇಡೀ ಸುತ್ತು ಒಟ್ಟಿಗೆ ನಡೆಯುತ್ತಾ ಅನ್ನೋದೇ ಅಲ್ಲಿನ ಪ್ರಶ್ನೆ. ಚಂದ್ರನ ಮಣ್ಣಿನಂಥ ಮಣ್ಣು ಹಾಸಿ ಕಾಲುಗಳಿಗೂ ಪರೀಕ್ಷೆ ಆಯ್ತು. ಸೆಕೆಂಡಿಗೆ 2 ಮೀಟರ್ ವೇಗ ತಡೆಯುತ್ತಿದ್ದ ಕಾಲು, 3 ಮೀಟರ್ ತಡೆಯುವಂತಾಯ್ತು. ನಿಧಾನವಾಗಿ ತುಳಿಯುವ ಸೈಕಲ್ ಗೋಡೆಗೆ ಗುದ್ದಿದಷ್ಟು ಅಂದುಕೊಳ್ಳಿ. ಇಳಿಯುವ ಜಾಗವೂ ಸುಮಾರು 4 ಕಿಲೋಮೀಟರ್‌ಗೆ 2.5 ಕಿಲೋಮೀಟರ್‌ನಷ್ಟು ಹಿಗ್ಗಿತು.

ರಾಕೆಟ್ ವಿಷಯ ನಮಗ್ಯಾಕೆ ಅಂತೀರಾ? ಭೂಮಿ ಮೇಲಿನ ಉದಾಹರಣೆ ತಗೊಳ್ಳಿ. 2024ರ ಜುಲೈ 19, ಶುಕ್ರವಾರ. ಬೆಂಗಳೂರು ಸೇರಿ ದೇಶದ ವಿಮಾನ ನಿಲ್ದಾಣಗಳಲ್ಲಿ ಉದ್ದುದ್ದ ಕ್ಯೂ, ಕೆಲವು ಕಡೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್. ಕಂಪ್ಯೂಟರ್ ತೆರೆಗಳೆಲ್ಲ ನೀಲಿ. ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿ ಕಳಿಸಿದ ಒಂದು ಅಪ್‌ಡೇಟ್‌ನ ಪ್ರತಾಪ ಅದು. ಅಪ್‌ಡೇಟ್ 21ನೇ ಮಾಹಿತಿಯನ್ನ ಹುಡುಕಿತು, ಪ್ರೋಗ್ರಾಮ್ ಒದಗಿಸಿದ್ದು 20 ಮಾತ್ರ. ಆ 21ನೇ ಜಾಗವನ್ನ ಹಿಂದಿನ ಟೆಸ್ಟ್‌ಗಳು ನಿಜವಾಗಿ ಮುಟ್ಟಿಯೇ ನೋಡಿರಲಿಲ್ಲ. ಇದಕ್ಕಿಂತ ದೊಡ್ಡ ತಪ್ಪು ಅಂದ್ರೆ, ಮೊದಲು ಸಾವಿರ ಕಂಪ್ಯೂಟರ್‌ಗೆ ಕಳಿಸಿ ನೋಡೋಣ ಅನ್ನದೆ ಎಲ್ಲರಿಗೂ ಒಂದೇ ಸಲ ಕಳಿಸಿದ್ದು. ಮೈಕ್ರೋಸಾಫ್ಟ್ ಲೆಕ್ಕದಲ್ಲಿ 85 ಲಕ್ಷ ಕಂಪ್ಯೂಟರ್ ಮಲಗಿದವು. ಒಂದೂವರೆ ಗಂಟೆಯೊಳಗೆ ಅಪ್‌ಡೇಟ್ ವಾಪಸ್ ತಗೊಂಡ್ರೂ, ಮಲಗಿದ ಎಷ್ಟೋ ಕಂಪ್ಯೂಟರ್‌ಗಳನ್ನ ಜನ ಒಂದೊಂದಾಗಿ ಎಬ್ಬಿಸಬೇಕಾಯ್ತು.

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕು. ಸಾಫ್ಟ್‌ವೇರ್‌ಗೆ ಆ ಗಾದೆ ಒಗ್ಗಲ್ಲ. ಹಾಗಂತ ಎಲ್ಲವನ್ನೂ ಟೆಸ್ಟ್ ಮಾಡೋಕೂ ಆಗಲ್ಲ, ಜೀವಮಾನ ಸಾಲದು. ಎಲ್ಲಿ ಕೆಟ್ಟರೆ ಹೆಚ್ಚು ನಷ್ಟವೋ ಅಲ್ಲಿಂದ ಶುರು ಮಾಡಬೇಕು. ನಮ್ಮ ಬೆಂಗಳೂರಿನ ಐಟಿ ಹುಡುಗರನ್ನ ಕೇಳಿ, ಅಲ್ಲಿನ ರೋಗ ಹೇಳ್ತಾರೆ. ಕೋಡ್ ಬರೆಯೋದು ಎರಡು ವಾರ ತಡವಾಗುತ್ತೆ, ಬಿಡುಗಡೆ ದಿನಾಂಕ ಮಾತ್ರ ಕದಲಲ್ಲ. ಕತ್ತರಿ ಬೀಳೋದು ಟೆಸ್ಟಿಂಗ್ ದಿನಗಳಿಗೆ. ಟೆಸ್ಟರ್ 'ಇದು ರೆಡಿ ಇಲ್ಲ' ಅಂದ್ರೆ ಅವನೇ ಅಡ್ಡಗಾಲು. ಆ 'ಇಲ್ಲ'ಕ್ಕೆ ಬಿಡುಗಡೆ ತಡೆಯುವ ಅಧಿಕಾರ ಇಲ್ಲದಿದ್ರೆ ಅವನಿಗೆ ಸಂಬಳ ಕೊಡೋದ್ಯಾಕೆ?

ಅಂಥ ಅಧಿಕಾರ ಇದ್ದಾಗ ಹೇಗಿರುತ್ತೆ ಅನ್ನೋದನ್ನ ನೀವೇ ಲೈವ್ ನೋಡಿದ್ದೀರಿ. 2023ರ ಅಕ್ಟೋಬರ್ 21, ಶ್ರೀಹರಿಕೋಟ, ಗಗನಯಾನದ ಮೊದಲ ಪರೀಕ್ಷಾ ಹಾರಾಟ. ಹಾರೋಕೆ 5 ಸೆಕೆಂಡ್ ಇರುವಾಗ ಕಂಪ್ಯೂಟರ್ ತಾನಾಗಿಯೇ ತಡೆ ಹಾಕಿತು. ಹೋಯ್ತು, ಕೆಟ್ಟೋಯ್ತು ಅಂತ ಎಷ್ಟೋ ಜನ ಅಂದುಕೊಂಡರು. ಇಸ್ರೋದವರು ದೋಷ ಹುಡುಕಿ, ಸರಿಮಾಡಿ, ಅದೇ ದಿನ ಬೆಳಿಗ್ಗೆ 10ಕ್ಕೆ ಹಾರಿಸಿದರು. ಅಂದು ಆ ಕ್ಯಾಪ್ಸೂಲ್ ಖಾಲಿ ಇತ್ತು. ಮುಂದೆ ಅಂಥದ್ದೇ ಕ್ಯಾಪ್ಸೂಲ್‌ನಲ್ಲಿ ಮನುಷ್ಯರು ಕೂರಬೇಕು.