ಕಡೂರು, ತರೀಕೆರೆ, ಅಜ್ಜಂಪುರ: ಗೆದ್ದದ್ದು ಆಟವೋ, ಅದೃಷ್ಟವೋ?

ರಾಗಿ ಕಣ ಮುಗಿದು ಹೊಲ ಖಾಲಿಯಾದರೆ ಕಡೂರು ಸೀಮೆಯಲ್ಲಿ ಎಲ್ಲಿ ನೋಡಿದರೂ ಆಟದ ಬಯಲೇ. ಬೆಂಗಳೂರಿನಿಂದ ಹೊರಟ ರೈಲು ಅರಸೀಕೆರೆ ದಾಟಿ, ತೆಂಗಿನ ತೋಟಗಳನ್ನು ಹಾದು ಕಡೂರು ತಲುಪುವಷ್ಟರಲ್ಲಿ ಕಿಟಕಿಯಾಚೆ ಹುಡುಗರು ಟೆನ್ನಿಸ್ ಬಾಲಿನ ಹಿಂದೆ ಓಡುತ್ತಿರುವುದು ಕಾಣುತ್ತದೆ. ಸ್ಟೇಷನ್ನಿನಿಂದ ಪೇಟೆ ಕಡೆ ನಡೆದರೆ ವಿದ್ಯುತ್ ಕಂಬಕ್ಕೆ, ಕಾಂಪೌಂಡ್ ಗೋಡೆಗೆ, ಹೋಟೆಲ್ ಬಾಗಿಲಿಗೆ ಅಂಟಿಸಿದ ಪಂದ್ಯಾವಳಿಯ ಕರಪತ್ರಗಳು. ಒಂದರ ಮುಂದೆ ನಿಂತು ಪೂರ್ತಿ ಓದಿದೆ. ಎಲ್ಲಕ್ಕಿಂತ ಮೇಲೆ ದೇವರ ಹೆಸರು, ಅದರ ಕೆಳಗೆ ಗೆಳೆಯರ ಬಳಗ, ಪ್ರಥಮ ಬಹುಮಾನ, ದ್ವಿತೀಯ ಬಹುಮಾನ, ದಾನಿಗಳ ಫೋಟೊ, ಮೈದಾನ ಶುಲ್ಕ, ‘ಮೊದಲು ಹೆಸರು ನೋಂದಾಯಿಸಿದ ತಂಡಗಳಿಗೆ ಆದ್ಯತೆ’. ಕಟ್ಟಕಡೆಯ ಸಾಲು, ‘ಅಂಪೈರ್ ತೀರ್ಮಾನವೇ ಅಂತಿಮ’.

ಮೈದಾನದಲ್ಲಿ ಅದು ಅಂತಿಮವೇ. ಟೀ ಅಂಗಡಿಯಲ್ಲಿ ಅಲ್ಲ. ನಾನು ಹೋದ ಬೆಳಿಗ್ಗೆ ಅಲ್ಲಿ ಹಿಂದಿನ ರಾತ್ರಿಯ ಫೈನಲ್ ಇನ್ನೂ ಮುಗಿದಿರಲಿಲ್ಲ. ಕಡೂರು ಕಡೆಯ ತಂಡ ತರೀಕೆರೆ ಕಡೆಯವರ ಎದುರು ಕೊನೆಯ ಓವರಿನಲ್ಲಿ ಸೋತಿತ್ತು.

“ಟಾಸ್ ಹೋಯ್ತು, ಮ್ಯಾಚೂ ಹೋಯ್ತು. ಇಬ್ಬನೀಲಿ ಬಾಲು ಸೋಪಿನಂಗೆ ಜಾರ್ತಿತ್ತು ಕಣಣ್ಣ” ಎಂದ ಒಬ್ಬ ಹುಡುಗ.

“ಕೈಗೆ ಬಂದ ಕ್ಯಾಚ್ ಬಿಟ್ರಲ್ಲ, ಅದಕ್ಕೂ ಇಬ್ಬನೀನೇ ಕಾರಣನಾ?” ಎಂದು ಲೋಟ ತೊಳೆಯುತ್ತಲೇ ಕೇಳಿದರು ಅಂಗಡಿಯವರು.

“ಲೈಟು ಕಣ್ಣಿಗೆ ಹೊಡೀತಿತ್ತು ಬಿಡಣ್ಣ.”

“ಅವರಿಗೂ ಅದೇ ಲೈಟು ತಾನೆ?”

ಇಷ್ಟಕ್ಕೆ ಎರಡು ಪಕ್ಷವಾಯಿತು. ಅವರು ಆಡಿ ಗೆದ್ದರು ಅನ್ನುವವರು ಒಂದು ಕಡೆ, ಹಣೆಬರಹ ಗೆಲ್ಲಿಸಿತು ಅನ್ನುವವರು ಇನ್ನೊಂದು ಕಡೆ. ಪಕ್ಕದೂರಿನ ಮೇಲೆ ಸೋತಾಗ ಈ ವಾದಕ್ಕೆ ಬೇರೆಯೇ ಕಾವು. ದೂರದೂರಿನವರ ಕೈಯಲ್ಲಿ ಸೋತರೆ ಮರೆತುಬಿಡಬಹುದು. ತರೀಕೆರೆಯವರ ಕೈಯಲ್ಲಿ ಸೋತರೆ ನಾಳೆ ಅಡಿಕೆ ವ್ಯಾಪಾರಕ್ಕೋ ಮದುವೆ ಮನೆಗೋ ಹೋದಾಗ ಅವರ ಮುಖವನ್ನೇ ನೋಡಬೇಕು. 1947ರವರೆಗೂ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಆ ಹಳೆಯ ಹೆಮ್ಮೆಯೂ ಎಲ್ಲೋ ಒಂದಿಷ್ಟು ಕೆಲಸ ಮಾಡುತ್ತದೆ.

ಇಬ್ಬನಿಯ ಮಾತನ್ನು ನೆಪ ಎಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ರಾತ್ರಿ ಪಂದ್ಯಾವಳಿಯಲ್ಲಿ ಮ್ಯಾಚುಗಳು ಒಂದರ ಹಿಂದೊಂದು ತಡವಾಗಿ, ಫೈನಲ್ ಶುರುವಾಗುವ ಹೊತ್ತಿಗೆ ನಡುರಾತ್ರಿ ಕಳೆದಿರುತ್ತದೆ. ಚಳಿಗಾಲದಲ್ಲಿ ಆಗ ಹುಲ್ಲೆಲ್ಲ ಒದ್ದೆ. ಟಾಸ್ ಗೆದ್ದ ಕ್ಯಾಪ್ಟನ್ ಕಣ್ಣು ಮುಚ್ಚಿ ಫೀಲ್ಡಿಂಗ್ ತೆಗೆದುಕೊಳ್ಳುತ್ತಾನೆ. ಆಮೇಲೆ ಬೌಲ್ ಮಾಡುವ ತಂಡಕ್ಕೆ ನೆನೆದ ಚೆಂಡು ಕೈಯಲ್ಲಿ ನಿಲ್ಲುವುದಿಲ್ಲ. ಯಾರ್ಕರ್ ಹಾಕಹೋದರೆ ಫುಲ್‌ಟಾಸ್ ಆಗುತ್ತದೆ. ಹಾಗಾಗಿ ಸೋತ ಹುಡುಗ ಹೇಳಿದ್ದು ನಿಜ, ಅಂಗಡಿಯವರು ಕೇಳಿದ್ದೂ ನಿಜ. ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ಇಬ್ಬನಿ ಬೀಳುವುದು ಪ್ರಕೃತಿಯ ಕೆಲಸ, ಸರಿ. ಫೈನಲ್ಲನ್ನು ಇಬ್ಬನಿ ಬೀಳುವ ಹೊತ್ತಿಗೆ ತಂದಿಟ್ಟವರು ಯಾರು?

ಅದೃಷ್ಟ, ಯೋಗ್ಯತೆಯ ಈ ಲೆಕ್ಕವನ್ನು ಕಡೂರು ಒಮ್ಮೆ ಲೋಕದ ಮಟ್ಟದಲ್ಲೇ ಹಾಕಿದೆ. ಕ್ರಿಕೆಟ್ ಆಟಗಾರ್ತಿ ವೇದಾ ಕೃಷ್ಣಮೂರ್ತಿ ಹುಟ್ಟಿದ್ದು ಈ ಊರಿನಲ್ಲಿ, 1992ರಲ್ಲಿ. 2017ರ ಮಹಿಳಾ ವಿಶ್ವಕಪ್‌ನಲ್ಲಿ ಸೋತರೆ ಮನೆಗೆ ಎನ್ನುವಂತಿದ್ದ ನ್ಯೂಜಿಲೆಂಡ್ ಪಂದ್ಯದಲ್ಲಿ ವೇದಾ 45 ಎಸೆತಕ್ಕೆ 70 ಹೊಡೆದರು. ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಅದೇ ಪಂದ್ಯದಲ್ಲಿ 15 ರನ್ನಿಗೆ 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಅಲ್ಲಿ ಅದೃಷ್ಟದ ಮಾತಿಗೆ ಜಾಗವೇ ಇರಲಿಲ್ಲ. ಜುಲೈ 23ರಂದು ಲಾರ್ಡ್ಸ್‌ನಲ್ಲಿ ಫೈನಲ್. ಇಂಗ್ಲೆಂಡಿನ 228ಕ್ಕೆ ಎದುರಾಗಿ ಭಾರತ 3 ವಿಕೆಟ್‌ಗೆ 191 ಮುಟ್ಟಿತ್ತು, ಕ್ರೀಸಿನಲ್ಲಿ ಪೂನಂ ರಾವುತ್ ಜೊತೆ ವೇದಾ ಇದ್ದರು. ಅಲ್ಲಿಂದ 28 ರನ್ನಿನೊಳಗೆ ಏಳು ವಿಕೆಟ್ ಬಿದ್ದವು. ವೇದಾ 35ಕ್ಕೆ ಕ್ಯಾಚ್ ಕೊಟ್ಟರು. 219ಕ್ಕೆ ಆಟ ಮುಗಿದು ಒಂಬತ್ತೇ ರನ್ನಿನಿಂದ ಕಪ್ ಕೈತಪ್ಪಿತು.

ಆ ಕೊನೆಯ ಎರಡು ಎಸೆತಗಳನ್ನು ಬಲ್ಲವರು ಅದೃಷ್ಟವನ್ನು ಅಷ್ಟು ಸುಲಭವಾಗಿ ದೂರುವುದಿಲ್ಲ. ಪೂನಂ ಯಾದವ್ ಎತ್ತಿ ಹೊಡೆದ ಚೆಂಡು ಜೆನ್ನಿ ಗನ್ ಕೈಗೇ ಹೋಗಿತ್ತು, ಆಕೆ ಬಿಟ್ಟರು. ಅದೃಷ್ಟ ನಮ್ಮ ಕಡೆ ತಿರುಗಿತು ಅಂದುಕೊಳ್ಳುವಷ್ಟರಲ್ಲಿ ಮರು ಎಸೆತಕ್ಕೇ ಆನ್ಯಾ ಶ್ರಬ್ಸೋಲ್ ರಾಜೇಶ್ವರಿಯ ವಿಕೆಟ್ ಎಗರಿಸಿದರು. 46 ರನ್ನಿಗೆ ಆರು ವಿಕೆಟ್ ಆಕೆಯದು. ಅಂದು ಅದೃಷ್ಟ ನಮಗೂ ಒಲಿದಿತ್ತು, ಆಟ ಆಡಿದವರು ಅವರು. ನನ್ನ ತೀರ್ಪು ಇದೇ. ಇದನ್ನು ಹೇಳಿದರೆ ವೇದಾಗೆ ಕಡಿಮೆಯೇನೂ ಆಗುವುದಿಲ್ಲ. ಸಣ್ಣ ಊರಿನಲ್ಲಿ ಕರಾಟೆ ಕಲಿಯುತ್ತ, ಹುಡುಗರ ಜೊತೆ ಬ್ಯಾಟ್ ಹಿಡಿಯುತ್ತ ಬೆಳೆದ ಹುಡುಗಿ, ಹದಿಹರೆಯದಲ್ಲೇ ಕ್ರಿಕೆಟ್ಟಿಗಾಗಿ ಬೆಂಗಳೂರು ಸೇರಿ, 2011ರಲ್ಲಿ ತನ್ನ ಮೊದಲ ಏಕದಿನ ಪಂದ್ಯದಲ್ಲೇ 51 ಹೊಡೆದದ್ದು ಯಾವ ಟಾಸಿನ ಕೃಪೆಯೂ ಅಲ್ಲ.

ಕಡೂರಿನಿಂದ ಬೀರೂರು ಕೂಗಳತೆ. ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡು ಚಿಲ್ಲರೆ ಎಣಿಸುವಷ್ಟರಲ್ಲಿ ಬಂತು. ದಸರಾ ಹೊತ್ತಿಗೆ ಇಲ್ಲಿ ಮೈಲಾರಲಿಂಗಸ್ವಾಮಿಯ ಕಾರ್ಣಿಕ ನಡೆಯುತ್ತದೆ. ಅಲ್ಲಿ ನುಡಿಯುವ ಭವಿಷ್ಯ ಕೆಲವೇ ಮಾತು. ಮಳೆ ಬಂದರೂ ಬಾರದಿದ್ದರೂ, ಯಾರು ಗೆದ್ದರೂ ಸೋತರೂ ಜನ ಆಮೇಲೆ ಆ ಮಾತಿನಲ್ಲಿ ಅರ್ಥ ಹುಡುಕಿಕೊಳ್ಳುತ್ತಾರೆ. ಪಂದ್ಯದ ಮಾರನೆಯ ದಿನದ ಮಾತೂ ಇದೇ ಜಾಡು. ಫಲಿತಾಂಶ ಗೊತ್ತಾದ ಮೇಲೆ ಕಾರಣಗಳು ತಾವಾಗಿಯೇ ಸಾಲು ನಿಲ್ಲುತ್ತವೆ.

ಬೀರೂರಿನಲ್ಲಿ ರೈಲು ದಾರಿ ಕವಲೊಡೆಯುತ್ತದೆ. ಒಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರಿನ ಕಡೆಗೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗದ ಕಡೆಗೆ. ತರೀಕೆರೆಯ ದಾರಿ ಹಿಡಿದರೆ ಅರ್ಧ ಗಂಟೆಯೊಳಗೆ ನೆಲದ ಬಣ್ಣವೇ ಬೇರೆ. ತೆಂಗು ತೆಳುವಾಗಿ ಅಡಿಕೆ ಒತ್ತಾಗುತ್ತದೆ, ಪಶ್ಚಿಮದಲ್ಲಿ ಕೆಮ್ಮಣ್ಣುಗುಂಡಿಯ ಬೆಟ್ಟಸಾಲು ಕಾಣಿಸಿಕೊಳ್ಳುತ್ತದೆ. ತರೀಕೆರೆ ಪಾಳೇಗಾರರು ಆಳಿದ ಊರು. ಗೆದ್ದ ಊರಿನಲ್ಲಿ ವಾದ ಇರಲಾರದು ಅಂದುಕೊಂಡಿದ್ದೆ. ಇತ್ತು, ಇನ್ನೂ ಜೋರಾಗಿಯೇ ಇತ್ತು. ಗೆದ್ದ ತಂಡದಲ್ಲಿ ಊರಿನವರು ಎಷ್ಟು ಮಂದಿ, ಹೊರಗಿನಿಂದ ಕರೆಸಿದವರು ಎಷ್ಟು ಮಂದಿ ಎಂಬುದು ಇಲ್ಲಿನ ಪ್ರಶ್ನೆ. ದುಡ್ಡು ಕೊಟ್ಟು ಭದ್ರಾವತಿಯಿಂದಲೋ ಶಿವಮೊಗ್ಗದಿಂದಲೋ ಒಬ್ಬ ಒಳ್ಳೆಯ ಬೌಲರ್ ತಂದರೆ ಅದು ಯೋಗ್ಯತೆಯೇ? ಯಾರ ಯೋಗ್ಯತೆ? ಕ್ಯಾಪ್ಟನ್ನನದೋ, ದಾನಿಯದೋ? ನಮ್ಮೂರ ಹುಡುಗ ಬೆಂಚಿನ ಮೇಲೆ ಕೂತು ಪಡೆದ ಗೆಲುವಿಗೆ ನಮ್ಮೂರ ಹೆಸರು ಹಾಕುವುದು ನನಗೂ ಸರಿ ಕಾಣಲಿಲ್ಲ.

ಫುಟ್‌ಬಾಲ್ ಈ ಮೂರೂ ಊರುಗಳಲ್ಲಿ ಮೈದಾನಕ್ಕಿಂತ ಮೊಬೈಲಿನಲ್ಲಿ ಹೆಚ್ಚು. ಆದರೂ ಆ ಸಂಜೆ ತರೀಕೆರೆಯ ಕಾಲೇಜು ಹುಡುಗರ ಗುಂಪೊಂದು ಕ್ರಿಕೆಟ್ ಬಿಟ್ಟು 2023ರ ಮಾರ್ಚ್ 3ರ ಪಂದ್ಯಕ್ಕೆ ಹೊರಳಿತು. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್, ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಪ್ಲೇಆಫ್, ಕಂಠೀರವ ಕ್ರೀಡಾಂಗಣ. ದಕ್ಷಿಣದ ಈ ಎರಡು ತಂಡಗಳ ಹಗೆತನ ಗೊತ್ತಿದ್ದದ್ದೇ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ, 96ನೇ ನಿಮಿಷ, ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಚೆಟ್ರಿ ಚೆಂಡನ್ನು ಬಲೆಯೊಳಗೆ ಹಾಕಿದರು. ರೆಫರಿ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಕರೆದುಕೊಂಡು ಹೊರನಡೆದರು. ಪಂದ್ಯ ಬೆಂಗಳೂರಿನದಾಯಿತು, ಫೆಡರೇಷನ್ ಕೇರಳಕ್ಕೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧವೂ ಆಯಿತು.

“ಅದು ಮೋಸ” ಎಂದ ಒಬ್ಬ. “ಮೋಸ ಹೆಂಗಾಗುತ್ತೋ? ಮಲಗಿದ್ರೆ ಎಬ್ಬಿಸಿ ಹೊಡೀಬೇಕಾ?” ಎಂದ ಮತ್ತೊಬ್ಬ. ನಾನು ಎರಡನೆಯವನ ಕಡೆ. ಒದೆಯುವವರು ಎದುರಾಳಿಯ ಗೋಡೆಯನ್ನು ದೂರ ಸರಿಸಿ ಎಂದು ರೆಫರಿಯನ್ನು ಕೇಳದಿದ್ದರೆ ಸೀಟಿಗೆ ಕಾಯದೆ ಒದೆಯಲು ನಿಯಮ ಬಿಡುತ್ತದೆ. ಆ ನಿಯಮ ಇಬ್ಬರಿಗೂ ಗೊತ್ತಿತ್ತು, ಆ ಗಳಿಗೆಯಲ್ಲಿ ನೆನಪಿದ್ದದ್ದು ಚೆಟ್ರಿಗೆ. ಅದು ಯೋಗ್ಯತೆ. ಆದರೆ ಮುಂದಿನ ಕತೆಯನ್ನೂ ಹೇಳಬೇಕು. ಅದೇ ಬೆಂಗಳೂರು ಸೆಮಿಫೈನಲ್‌ನಲ್ಲಿ ಮುಂಬಯಿಯನ್ನು ಸೋಲಿಸಿದ್ದು ಪೆನಾಲ್ಟಿ ಶೂಟೌಟ್‌ನಲ್ಲಿ, 9–8. ಒಂದು ವಾರವೂ ತುಂಬುವ ಮೊದಲು ಗೋವಾದಲ್ಲಿ ಫೈನಲ್ ಸೋತದ್ದೂ ಪೆನಾಲ್ಟಿಯಲ್ಲೇ, ಮೋಹನ್ ಬಾಗಾನ್ ಎದುರು. ಮೊದಲನೆಯದನ್ನು ಧೈರ್ಯ ಎಂದು, ಎರಡನೆಯದನ್ನು ದುರದೃಷ್ಟ ಎಂದು ಕರೆಯುವುದು ಅಭಿಮಾನಿಯ ಲೆಕ್ಕ. ಲೆಕ್ಕ ಒಂದೇ ಇರಬೇಕು.

ಫುಟ್‌ಬಾಲಿನಲ್ಲಿ ಅದೃಷ್ಟದ ಕೈ ಉದ್ದವಾಗಲು ಕಾರಣವಿದೆ. ಗೋಲು ಅಪರೂಪ. 2022ರ ವಿಶ್ವಕಪ್‌ನ 64 ಪಂದ್ಯಗಳಲ್ಲಿ ಬಂದದ್ದು 172 ಗೋಲು, ಪಂದ್ಯಕ್ಕೆ ಮೂರೂ ಇಲ್ಲ. ಕಾಲಿಗೆ ತಗುಲಿ ದಿಕ್ಕು ತಪ್ಪಿದ ಒಂದು ಚೆಂಡು ಇಡೀ ಪಂದ್ಯವನ್ನು ಹೊತ್ತುಕೊಂಡು ಹೋಗುತ್ತದೆ. ಕಬಡ್ಡಿಯಲ್ಲಿ ಒಂದೊಂದು ತಂಡ ಮೂವತ್ತು ಮೂವತ್ತೈದು ಅಂಕ ಗಳಿಸುತ್ತದೆ. ಒಂದು ತಪ್ಪು ತೀರ್ಪು ಬಿದ್ದರೂ ತಿದ್ದಿಕೊಳ್ಳಲು ಹತ್ತಾರು ರೈಡ್ ಸಿಗುತ್ತವೆ. ಅಲ್ಲೂ ಆಟ ಸಮವಾಗಿಯೇ ಉಳಿದು, ಫಲಿತಾಂಶ ನಿರ್ಧರಿಸುವ ಗೋಲ್ಡನ್ ರೈಡ್‌ಗೆ ಬಂದರೆ ರೈಡ್ ಯಾರಿಗೆ ಎಂಬುದನ್ನು ಮತ್ತೆ ಟಾಸೇ ಹೇಳುತ್ತದೆ. ಆಟ ಗಿಡ್ಡವಾದಷ್ಟೂ ನಾಣ್ಯದ ಮಾತು ನಡೆಯುತ್ತದೆ. ಈ ಸೀಮೆಯ ಟೆನ್ನಿಸ್ ಬಾಲ್ ಪಂದ್ಯಗಳು ನಾಲ್ಕೋ ಐದೋ ಆರೋ ಓವರಿನವು, ಸೋತರೆ ಮನೆಗೆ ಎನ್ನುವ ನಾಕೌಟ್. ಇದಕ್ಕಿಂತ ಗಿಡ್ಡ ಆಟ ಇನ್ನೆಲ್ಲಿದೆ?

ತರೀಕೆರೆಯಿಂದ ಸ್ವಲ್ಪ ದೂರದಲ್ಲಿ ಅಮೃತಾಪುರ. ಎರಡನೆಯ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿ. ತೆರೆದ ಮಂಟಪದ ಹೊರಗೋಡೆಯ ಮೇಲೆ ಒಂದು ಕಡೆ ರಾಮಾಯಣ, ಇನ್ನೊಂದು ಕಡೆ ಕೃಷ್ಣನ ಕತೆ, ಮಹಾಭಾರತ. ಮಧ್ಯಾಹ್ನದ ಬಿಸಿಲಲ್ಲಿ ಆ ಸಾಲನ್ನು ಸುತ್ತುವಾಗ ಪಗಡೆಯಾಟ ನೆನಪಾಯಿತು. ಧರ್ಮರಾಯ ಸೋತದ್ದನ್ನು ನಮ್ಮ ಜನ ಅದೃಷ್ಟ ಕೆಟ್ಟಿತು ಎಂದು ಬಿಡುವುದಿಲ್ಲ. ಶಕುನಿಯ ದಾಳ ಅನ್ನುತ್ತಾರೆ. ದಾಳ ಯಾರದು, ಆಟ ಯಾರ ಮನೆಯಲ್ಲಿ, ನಿಯಮ ಯಾರದು ಎಂದು ಕೇಳುವ ಬುದ್ಧಿ ನಮಗೆ ಹಿಂದಿನಿಂದಲೂ ಇದೆ.

ಅಜ್ಜಂಪುರಕ್ಕೆ ಬಂದರೆ ಮತ್ತೆ ಬಯಲು, ಈರುಳ್ಳಿ ಹೊಲ, ದೂರದವರೆಗೆ ಹಬ್ಬಿದ ಕಾವಲು. ಸಣ್ಣಕತೆಗಾರ ‘ಆನಂದ’ ಅವರ, ಅಂದರೆ ಅಜ್ಜಂಪುರ ಸೀತಾರಾಮ್ ಅವರ ಹೆಸರಿನಲ್ಲಿರುವ ಊರು ಇದೇ. ಕೆಲವು ವರ್ಷಗಳ ಹಿಂದಿನವರೆಗೂ ತರೀಕೆರೆಗೆ ಸೇರಿದ ಹೋಬಳಿ, ಈಗ ಸ್ವಂತ ತಾಲ್ಲೂಕು. ಹಾಗಾಗಿ ತರೀಕೆರೆಯ ಮೇಲಿನ ಗೆಲುವಿಗೆ ಇಲ್ಲಿ ಹೊಸ ರುಚಿ ಬಂದಿದೆ. ಇಲ್ಲಿನ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರ 1929ರಿಂದ ಇದೆ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಯ ದನಗಳಿಗೆ ಅಮೃತ್ ಮಹಲ್ ಎಂದು ಹೆಸರಿಟ್ಟದ್ದು ಟಿಪ್ಪು. ದಂಡಿನ ಸಾಮಾನು, ಫಿರಂಗಿ ಎಳೆಯಲು ಬೆಳೆಸಿದ ತಳಿ. ಬೂದು ಮೈ, ಹಿಂದಕ್ಕೆ ಬಾಗಿ ಮೊನಚಾದ ಉದ್ದ ಕೊಂಬು, ನಿಂತಲ್ಲೇ ಓಡಲು ಸಿದ್ಧವಾದಂಥ ಬಿಗಿ ಕಾಲು. ತಲೆಮಾರುಗಳ ಕಾಲ ಆರಿಸಿ ಆರಿಸಿ ಸಾಕಿದ್ದರ ಫಲ ಅದು.

ಈ ಕಡೆಯ ಜೋಡೆತ್ತಿನ ಗಾಡಿ ಓಟಕ್ಕೆ ಜನ ಸೇರುವುದನ್ನು ನೋಡಬೇಕು. 2014ರಲ್ಲಿ ಸುಪ್ರೀಂ ಕೋರ್ಟ್ ತಡೆದದ್ದು, 2017ರಲ್ಲಿ ರಾಜ್ಯ ಕಾಯ್ದೆ ತಿದ್ದಿದ್ದು, 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿದದ್ದು, ಎಲ್ಲವೂ ಇಲ್ಲಿನ ಹಿರಿಯರ ನಾಲಿಗೆಯ ತುದಿಯಲ್ಲಿದೆ. ಎರಡು ಸಾಲಿನಲ್ಲಿ ಓಡಿಸುವ ಕಡೆ ಒಂದು ಸಾಲಿನ ಮಣ್ಣು ಗಟ್ಟಿ, ಇನ್ನೊಂದರದು ಸಡಿಲ ಎಂಬ ಜಗಳ ಇದ್ದೇ ಇರುತ್ತದೆ. ಚೀಟಿ ಎತ್ತಿದಾಗ ಸಡಿಲ ಸಾಲು ಬಂದವನು ಹಣೆ ಚಚ್ಚಿಕೊಳ್ಳುತ್ತಾನೆ. ಅಲ್ಲಿ ನಿಂತಿದ್ದ ರೈತರೊಬ್ಬರ ಮಾತು ನನಗೆ ಹಿಡಿಸಿತು: “ಚೀಟಿ ಎತ್ತೋದ್ಯಾಕೆ ಸಾರ್? ಇಬ್ಬರನ್ನೂ ಎರಡೂ ಸಾಲಲ್ಲಿ ಒಂದೊಂದು ಸಲ ಓಡ್ಸಿ, ಎರಡೂ ಟೈಮ್ ಕೂಡ್ಸಿ.” ಎತ್ತಿಗೆ ದಣಿವಾಗದಂತೆ ನಡುವೆ ಬಿಡುವು ಕೊಟ್ಟರೆ ಇದಕ್ಕಿಂತ ನ್ಯಾಯವಾದ ದಾರಿ ಇಲ್ಲ.

ಮನುಷ್ಯರ ಆಟಕ್ಕೂ ಇದೇ ಮದ್ದು. 2022ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ಮೊದಲ ಪಂದ್ಯವನ್ನೇ ಸೌದಿ ಅರೇಬಿಯಾ ಎದುರು 1–2ರಿಂದ ಸೋತಿತ್ತು. ನಮ್ಮ ನಾಕೌಟ್ ಕ್ರಮವಾಗಿದ್ದರೆ ಮೆಸ್ಸಿ ಅಂದೇ ಗಂಟುಮೂಟೆ ಕಟ್ಟಬೇಕಿತ್ತು. ಗುಂಪಿನಲ್ಲಿ ಇನ್ನೆರಡು ಪಂದ್ಯ ಇದ್ದದ್ದರಿಂದ ಆ ತಂಡ ಎದ್ದು ನಿಂತು ಕಪ್ ಎತ್ತಿತು.

ಆದ್ದರಿಂದ ಮೂರೂ ತಾಲ್ಲೂಕುಗಳ ಗೆಳೆಯರ ಬಳಗಗಳಿಗೆ, ಯುವಕ ಸಂಘಗಳಿಗೆ ನನ್ನದೊಂದು ಕೋರಿಕೆ. ವರ್ಷಕ್ಕೊಂದಾದರೂ ಪಂದ್ಯಾವಳಿಯನ್ನು ನಾಕೌಟ್ ಬಿಟ್ಟು ಲೀಗ್ ಮಾಡಿ. ಒಂದು ಪಂದ್ಯ ಕಡೂರಿನಲ್ಲಿ, ಒಂದು ತರೀಕೆರೆಯಲ್ಲಿ, ಒಂದು ಅಜ್ಜಂಪುರದಲ್ಲಿ ಆಗಲಿ. ಕಡೂರು, ತರೀಕೆರೆ ಆಡುವಾಗ ಅಂಪೈರ್ ಅಜ್ಜಂಪುರದವರಿರಲಿ. ಫೈನಲ್ ಭಾನುವಾರದ ಹಗಲಿನಲ್ಲಿ ನಡೆಯಲಿ. ಹೊರಗಿನ ಆಟಗಾರರು ತಂಡಕ್ಕೆ ಇಬ್ಬರಿಗಿಂತ ಹೆಚ್ಚು ಬೇಡ. ಇಷ್ಟನ್ನು ಮುಂದಿನ ಹಂಗಾಮಿನ ಕರಪತ್ರದಲ್ಲಿ ಅಚ್ಚು ಹಾಕಿಸಿ, ನಾವೆಲ್ಲ ಬಂದು ನೋಡುತ್ತೇವೆ.