ನೂತನ ಸೆಲೂನ್ ಗಾಡಿಯ ಗುಣದೋಷ ವಿಚಾರ

ಕುಮಟೆಯಲ್ಲಿ ನಮ್ಮ ಕೈಕೆಳಗೆ ಓದಿದ ಶಿಷ್ಯನೊಬ್ಬನು ಈಗ ದುಬೈಯಲ್ಲಿ ಉದ್ಯೋಗದಲ್ಲಿರುವನು. ಅವನ ತಾಯಿಯವರಾದರೋ ಊರ ಮನೆಯನ್ನು ಬಿಟ್ಟು ಬಾರದವರು. ಬೆನ್ನಿಗೆ ಶಸ್ತ್ರಚಿಕಿತ್ಸೆಯಾದಂದಿನಿಂದ ಎರಡು ತಿಂಗಳಿಗೊಮ್ಮೆ, ಸುಮಾರು 150 ಕಿಲೋಮೀಟರು ದೂರದ ಮಣಿಪಾಲದ ಆಸ್ಪತ್ರೆಗೆ ಹೋಗಿಬರುವದು ಆಕೆಗೆ ತಪ್ಪದು. ಬಾಡಿಗೆ ಗಾಡಿಯಲ್ಲಿ ಒಮ್ಮೆ ಹೋಗಿ ಬಂದರೆ ಮೂರು ದಿನ ಹಾಸಿಗೆ ಹಿಡಿಯುವರು. ಇದನ್ನು ಸಹಿಸಲಾರದ ಮಗನು ಐಷಾರಾಮದ ಸೆಲೂನ್ ಗಾಡಿಯೊಂದನ್ನು ಕೊಳ್ಳಲು ಮನಸ್ಸು ಮಾಡಿ, "ಸರ್, ಅಮ್ಮನ ಜೊತೆಯಲ್ಲಿ ತಾವೂ ಒಮ್ಮೆ ಕುಳಿತು ನೋಡಿ ಹೇಳಬೇಕು" ಎಂದು ದೂರವಾಣಿಯಲ್ಲಿ ಕೇಳಿಕೊಂಡನು. ವ್ಯಾಕರಣ ಕಲಿಸಿದ ಮುದುಕರಿಗೆ ಯಂತ್ರದ ಗೊಡವೆಯೇಕೆಂದು ವಾಚಕರು ನಕ್ಕಾರು. ಹಿಂದಿನ ಆಸನದಲ್ಲಿ ಕುಳಿತುಕೊಳ್ಳುವದಕ್ಕೆ ಯಂತ್ರಶಾಸ್ತ್ರವೇನೂ ಬೇಕಾಗದಷ್ಟೆ!

ಈ ವರ್ಗದ ಗಾಡಿಗಳಿಗೆ 'ಎಕ್ಸಿಕ್ಯುಟಿವ್' ಎಂಬ ಹೆಸರುಂಟು. ಅಧಿಕಾರಿಗಳ ಗಾಡಿಯೆಂದು ಅರ್ಥ. ನಮ್ಮ ಶಾಸ್ತ್ರಗಳಲ್ಲಿ 'ಅಧಿಕಾರಿ'ಯೆಂದರೆ ಕುರ್ಚಿಯುಳ್ಳವನಲ್ಲ, ಆ ವಿಷಯಕ್ಕೆ ಅರ್ಹನಾದವನು. ಈ ಗಾಡಿಗೆ ಅಧಿಕಾರಿ ಯಾರೆಂಬದೇ ನಾವು ವಿಚಾರಿಸಬೇಕಾದ ಸಂಗತಿ.

ಶಿಷ್ಯನು ಮೆಚ್ಚಿದ ಗಾಡಿಯು ನಮ್ಮ ನಾಡಿನ ಬಿಡದಿಯಲ್ಲಿ ಜೋಡಿಸಲ್ಪಡುವ ಟೊಯೊಟಾ ಕ್ಯಾಮ್ರಿ. ಅದರ ಹೊಸ ಮಾದರಿಯು 2024ರ ದಶಂಬರದಲ್ಲಿ ನಮ್ಮ ದೇಶದ ಪೇಟೆಗೆ ಬಂದಾಗ ಬೆಲೆಯು 48 ಲಕ್ಷ ರೂಪಾಯಿ. ತೆರಿಗೆ, ವಿಮೆಗಳು ಬೇರೆ. ಉದ್ದ 4,920 ಮಿಲಿಮೀಟರು, ಅಗಲ 1,840, ಎತ್ತರ ಮಾತ್ರ 1,455. ಎರಡೂವರೆ ಲೀಟರಿನ ಪೆಟ್ರೋಲು ಎಂಜಿನಿಗೆ ವಿದ್ಯುತ್ ಮೋಟಾರೊಂದು ಜೊತೆಗೂಡಿ ಸುಮಾರು 230 ಅಶ್ವಶಕ್ತಿಯನ್ನು ಕೊಡುವದು. ಬ್ರೇಕು ಹಾಕಿದಾಗ ವ್ಯರ್ಥವಾಗಿ ಹೋಗುತ್ತಿದ್ದ ವೇಗವನ್ನು ಅದು ವಿದ್ಯುತ್ತಾಗಿ ಮಾರ್ಪಡಿಸಿ ಬ್ಯಾಟರಿಯಲ್ಲಿ ಕೂಡಿಡುವದು. ಪೇಟೆಯ ಮಂದಗತಿಯಲ್ಲಿ ಎಂಜಿನು ಸುಮ್ಮನಾಗಿ, ಆ ಕೂಡಿಟ್ಟ ಶಕ್ತಿಯಿಂದಲೇ ಗಾಡಿ ಸಾಗುವದು. ಜಾಣ ಗೃಹಿಣಿಯು ಮಾಡುವದೂ ಇದನ್ನೇ ಅಲ್ಲವೆ? ಲೀಟರಿಗೆ 25 ಕಿಲೋಮೀಟರು ಮಿಕ್ಕಿ ಓಡುವದೆಂದು ಕಂಪನಿಯವರು ಹೇಳುವರು. ಹಿಂದಿನ ಆಸನದ ಬೆನ್ನನ್ನು ಗುಂಡಿಯೊತ್ತಿ ಹಿಂದಕ್ಕೆ ವಾಲಿಸಲೂ ಬರುವದು.

ಅಸ್ತು. ಪರೀಕ್ಷೆಗಾಗಿ ನಾವು ಕುಳಿತದ್ದು ಅದೇ ಗಾತ್ರದ ಬೇರೊಂದು ಗಾಡಿಯಲ್ಲಿ, ಶಿಷ್ಯನ ಗೆಳೆಯರೊಬ್ಬರದು. ಹೆಸರು ಹೇಳಿ ಅಂಗಡಿಯವರ ವ್ಯಾಜ್ಯಕ್ಕೆ ನಾವು ಸಿಕ್ಕಿಕೊಳ್ಳೆವು. ಆ ತಾಯಿಯವರ ತಂಗಿಯ ಮನೆಯು ಭಟ್ಕಳದಲ್ಲಿರುವದರಿಂದ, ಕುಮಟೆಯಿಂದ ಅಲ್ಲಿಯವರೆಗಿನ ಸುಮಾರು 60 ಕಿಲೋಮೀಟರು ದಾರಿಯನ್ನೇ ಆರಿಸಿಕೊಂಡೆವು. ಮಣಿಪಾಲಕ್ಕೆ ಹೋಗುವ ಹೆದ್ದಾರಿಯೂ ಅದೇ.

ಹಳದೀಪುರ, ಕರ್ಕಿ ದಾಟಿದ್ದು ತಿಳಿಯಲಿಲ್ಲ. ಹೊನ್ನಾವರದಲ್ಲಿ ಶರಾವತಿಯ ಸೇತುವೆಯ ಮೇಲೆ ಹೊರಗಿನ ಗಾಳಿ ಭೋರೆನ್ನುತ್ತಿರಲು, ಒಳಗೆ ಆಕೆ ಮೆಲುದನಿಯಲ್ಲಿ ಹೇಳುತ್ತಿದ್ದ ಮೊಮ್ಮಕ್ಕಳ ಸುದ್ದಿಯು ನಮಗೆ ಸ್ಪಷ್ಟವಾಗಿ ಕೇಳುತ್ತಿತ್ತು. ರಸ್ತೆ ಕೆಟ್ಟಿದ್ದ ಕಡೆಯಲ್ಲಿ ಗಾಡಿಯು ತೊಟ್ಟಿಲಿನಂತೆ ತೂಗಿತೇ ಹೊರತು ಬೆನ್ನಿಗೆ ಕುಕ್ಕಲಿಲ್ಲ. ಮಂಕಿ ಬರುವಷ್ಟರಲ್ಲಿ ಆಕೆಗೆ ನಿದ್ದೆ ಹತ್ತಿತು. ಬಾಡಿಗೆ ಗಾಡಿಯಲ್ಲಿ ತಾನು ಎಂದೂ ಕಣ್ಣು ಮುಚ್ಚಿದವಳಲ್ಲವೆಂದು ಆಮೇಲೆ ಹೇಳಿದರು. ಇಷ್ಟಾದ ಮೇಲೆ 'ಕೊಳ್ಳು' ಎಂದು ಬರೆದು ಕಳಿಸಲು ನಮಗೆ ಅಡ್ಡಿಯಿರಲಿಲ್ಲ.

ಭಟ್ಕಳದ ಹಳೆಯ ಪೇಟೆಯ ಓಣಿಯ ಬಾಯಲ್ಲಿ ಗಾಡಿ ನಿಂತಿತು. ಎರಡು ಗಜ ಅಗಲದ ಗಾಡಿ ಆ ಓಣಿಯಲ್ಲಿ ಹೋಗುವ ಮಾತೇ ಇಲ್ಲ, ಇಳಿದು ನಡೆಯಬೇಕು. ಇಳಿಯುವದಾದರೂ ಹೇಗೆ? ಆಸನವು ನೆಲಕ್ಕೆ ಸಮೀಪ. ಅದರಲ್ಲಿ ಮೊಣಕಾಲುಗಳು ಸೊಂಟಕ್ಕಿಂತ ಮೇಲೇಳುವವು. ಆಕೆ ಬಾಗಿಲ ಚೌಕಟ್ಟನ್ನು ಹಿಡಿದು ಎರಡು ಸಲ ಎದ್ದು ಎರಡು ಸಲವೂ ಕುಳಿತರು. ಕೊನೆಗೆ ತಂಗಿಯ ಮಗನೂ ನಾವೂ ತೋಳು ಕೊಟ್ಟು ಎತ್ತಬೇಕಾಯಿತು. ಮುಖ ಬಿಳಚಿತ್ತು. "ಮಾಸ್ತರೇ, ಕೂತರೆ ಸುಖವೇ, ಏಳುವದು ನನ್ನ ಕೈಲಾಗದು. ಮಗನಿಗೆ ಇದನ್ನು ಹೇಳಬೇಡಿ, ಆಸೆಪಟ್ಟಿದ್ದಾನೆ" ಎಂದರು.

ತಗ್ಗಾಗಿರುವದು ಈ ವರ್ಗದ ಎಲ್ಲ ಗಾಡಿಗಳ ಲಕ್ಷಣ. ನೆಲಕ್ಕೆ ತಗ್ಗಿದ್ದರೆ ವೇಗದಲ್ಲಿ ತಿರುವಿನಲ್ಲಿ ಸ್ಥಿರವಾಗಿ ನಿಲ್ಲುವದು, ಗಾಳಿಯ ತಡೆಯೂ ಕಡಿಮೆ. ದೋಷವೆಂದು ತೋರಿದ್ದು ಮತ್ತೊಬ್ಬರಿಗೆ ಗುಣವೇ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಗಾಡಿಯು ಎಷ್ಟೇ ಗದ್ದಲ ಮಾಡಲಿ, ಅದರ ಆಸನವು ಕುರ್ಚಿಯಂತೆ ಎತ್ತರವಾಗಿತ್ತು. ಸೀರೆಯುಟ್ಟ ಹೆಂಗಸರು, ಪಂಚೆಯುಟ್ಟ ನಾವು, ಜಾರಿ ಕುಳಿತು ಜಾರಿ ಇಳಿಯುತ್ತಿದ್ದೆವು. ಅದಲ್ಲದೆ ಮಳೆಗಾಲದಲ್ಲಿ ನಮ್ಮ ಕರಾವಳಿಯ ರಸ್ತೆಗಳಲ್ಲಿ ನೀರು ನಿಂತಾಗ ತಗ್ಗು ಗಾಡಿಯವರು ಎಚ್ಚರದಿಂದಿರಬೇಕು. ನಂಬಿಕೆಯ ಚಾಲಕನೊಬ್ಬನ ಸಂಬಳವೂ ಲೆಕ್ಕಕ್ಕೆ ಬರತಕ್ಕದ್ದು. ಹಿಂದೆ ಕೂಡ್ರುವವರ ಗಾಡಿಗೆ ಮುಂದೆ ಒಬ್ಬರು ಬೇಕಷ್ಟೆ.

ಆಕೆಯ ಮಾತನ್ನು ನಾವು ನಡೆಸಲಿಲ್ಲ. ಮಗನಿಗೆ ಎಲ್ಲವನ್ನೂ ಬರೆದೆವು. 'ನೀನೇ ಗಾಡಿ ನಡೆಸುವವನಾದರೆ ಸಂಶಯವಿಲ್ಲದೆ ಕೊಳ್ಳು. ಅಮ್ಮನಿಗಾದರೆ ಆಸನವು ಆಕೆಯ ಮೊಣಕಾಲಿನೆತ್ತರಕ್ಕೆ ಇರುವ ಗಾಡಿಯನ್ನು ಹುಡುಕು. ಬೆಲೆ ಅರ್ಧವಾದರೂ ಚಿಂತೆಯಿಲ್ಲ' ಎಂದು ತಿಳಿಸಿದೆವು. ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ ಅವನು ಕೇಳಿದ್ದು ಒಂದೇ: "ಸರ್, ಅಮ್ಮನ ಮೊಣಕಾಲು ನೆಲದಿಂದ ಎಷ್ಟು ಎತ್ತರ?" ನಾವು ಅಳತೆಯ ಪಟ್ಟಿ ಹಿಡಿದು ಆಕೆಯ ಮನೆಗೆ ಹೋದೆವು. ಹದಿನೆಂಟು ಅಂಗುಲ.