ಯಂತ್ರದೊಳಗಿನ ಯಂತ್ರವೂ ಶೀಘ್ರಗಾಮಿ ಸಂಗ್ರಹವೂ

ಒಂದು ಗಣಕದ ಒಡಲಿನಲ್ಲಿ ಹಲವು ಗಣಕಗಳನ್ನು ಕಲ್ಪಿಸಿ, ಅವುಗಳಲ್ಲಿ ಪ್ರತಿಯೊಂದೂ ಆ ಯಂತ್ರವೆಲ್ಲ ತನ್ನೊಂದರದೇ ಎಂದು ನಂಬುವಂತೆ ಮಾಡುವ ವಿದ್ಯೆ ಇಂದು ನಿನ್ನೆಯದಲ್ಲ. ಅಮೆರಿಕದ ಕೇಂಬ್ರಿಜ್ ನಗರದಲ್ಲಿದ್ದ ಐಬಿಎಂ ಸಂಸ್ಥೆಯ ವಿಜ್ಞಾನ ಕೇಂದ್ರದವರು 1960ರ ದಶಕದಲ್ಲಿಯೇ ಸಿಪಿ-40, ಸಿಪಿ-67 ಎಂಬ ವ್ಯವಸ್ಥೆಗಳನ್ನು ರಚಿಸಿ ಇದನ್ನು ಸಾಧಿಸಿದ್ದರು; 1972ರಲ್ಲಿ ಅದು ವಿಎಂ/370 ಎಂಬ ಹೆಸರಿನಿಂದ ಲೋಕಕ್ಕೆ ಪ್ರಕಟವಾಯಿತು. ಕಲ್ಪಿತ ಯಂತ್ರವು, ಎಂದರೆ ಈಗಿನವರ ಮಾತಿನ ವರ್ಚುವಲ್ ಮೆಷೀನು, ಡಿಸ್ಕಿನಿಂದ ಏನನ್ನಾದರೂ ಓದಬಯಸಿದಾಗ, ಮೇಲ್ವಿಚಾರಕ ತಂತ್ರಾಂಶವು ಆ ಆಜ್ಞೆಯನ್ನು ನಡುವೆಯೇ ತಡೆದು, ಅದರಲ್ಲಿದ್ದ ವಿಳಾಸಗಳನ್ನೆಲ್ಲ ತಿದ್ದಿ, ಆ ಯಂತ್ರಕ್ಕೆ ಮೀಸಲಾದ ಭಾಗದ ಎಲ್ಲೆಯನ್ನು ಮೀರದಂತೆ ನೋಡಿಕೊಂಡು ನಿಜವಾದ ಡಿಸ್ಕಿಗೆ ಕಳುಹಿಸುತ್ತಿತ್ತು. ಇಂದು ಹೈಪರ್‌ವೈಸರ್ ಎನಿಸಿಕೊಳ್ಳುವ ತಂತ್ರಾಂಶದ ಮೂಲಧರ್ಮವೂ ಇದೇ ಆಗಿದೆ.

ಈ ಮಧ್ಯಸ್ಥಿಕೆಗೆ ತಗಲುವ ಕಾಲವು ಬಹುಕಾಲ ಯಾರಿಗೂ ಹೊರೆಯಾಗಿ ತೋರಲಿಲ್ಲ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್‌ಡಿಸ್ಕಿಗೆ ಒಂದು ಸುತ್ತು ಮುಗಿಸಲು 8 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಲ ಬೇಕು. ಬೇಕಾದ ಅಕ್ಷರವು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅದರ ಅರ್ಧದಷ್ಟು ಕಾಯಬೇಕು. ಮುಳ್ಳು ಸರಿಯಾದ ಪಥಕ್ಕೆ ಸರಿಯುವ ಹೊತ್ತು ಬೇರೆ. ಹೀಗೆ ಸಾವಿರಾರು ಮೈಕ್ರೊಸೆಕೆಂಡುಗಳು ಕಳೆಯುವ ಕಡೆ ಹೈಪರ್‌ವೈಸರು ತನ್ನ ಪಾಲಿಗೆ ಕೆಲವನ್ನೋ, ಹೆಚ್ಚೆಂದರೆ ಹತ್ತಾರನ್ನೋ ತೆಗೆದುಕೊಂಡರೆ ಲೆಕ್ಕಕ್ಕೆ ಬರುವುದಿಲ್ಲ. ತಿಂಗಳೊಪ್ಪತ್ತು ಎತ್ತಿನ ಗಾಡಿಯಲ್ಲಿ ಪ್ರಯಾಣ ಮಾಡುವವನು ಸುಂಕದ ಕಟ್ಟೆಯಲ್ಲಿ ಒಂದು ಗಳಿಗೆ ನಿಂತುದಕ್ಕೆ ಬೇಸರಪಡುವುದಿಲ್ಲ. ವಾಹನವು ಶೀಘ್ರವಾದಂತೆಲ್ಲ ಆ ಗಳಿಗೆಯೇ ಪ್ರಯಾಣದ ಬಹುಭಾಗವಾಗಿ ಬಿಡುತ್ತದೆ.

ಆ ಶೀಘ್ರತೆ ಬಂದುದು ಫ್ಲ್ಯಾಶ್ ಸ್ಮೃತಿಯಿಂದ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ರೂಪಿಸಿದ ಈ ಸ್ಮೃತಿಯಲ್ಲಿ ತಿರುಗುವ ತಟ್ಟೆಯಿಲ್ಲ, ಸರಿಯುವ ಮುಳ್ಳಿಲ್ಲ. ಆದುದರಿಂದ ಇದರಿಂದ ಮಾಡಿದ ಎಸ್‌ಎಸ್‌ಡಿ ಎಂಬ ಸಂಗ್ರಹಸಾಧನಗಳಲ್ಲಿ ಇಂದಿನ ಉತ್ತಮವಾದುದೊಂದು ನೂರು ಮೈಕ್ರೊಸೆಕೆಂಡಿನೊಳಗೆ ಉತ್ತರ ಕೊಡಬಲ್ಲದು. ಆದರೆ ಅದನ್ನು ಗಣಕಕ್ಕೆ ಜೋಡಿಸಿದ ಹಳೆಯ ವಿಧಾನವು ಹಾರ್ಡ್‌ಡಿಸ್ಕನ್ನೇ ಮನಸ್ಸಿನಲ್ಲಿಟ್ಟು ಮಾಡಿದುದಾಗಿತ್ತು: ಆಜ್ಞೆಗಳಿಗೆ ಒಂದೇ ಸಾಲು, ಆ ಸಾಲಿನಲ್ಲಿ 32 ಆಜ್ಞೆಗಳಿಗೆ ಮಾತ್ರ ಸ್ಥಳ. 2011ರಲ್ಲಿ ಪ್ರಕಟವಾದ ಎನ್‌ವಿಎಂಇ ಎಂಬ ನಿಯಮಾವಳಿಯು ಈ ಕಟ್ಟನ್ನು ಕಳಚಿತು. ಅದರಂತೆ ಎಸ್‌ಎಸ್‌ಡಿಯು ಗಣಕದೊಳಗಿನ ಪಿಸಿಐ ಎಕ್ಸ್‌ಪ್ರೆಸ್ ಎಂಬ ದತ್ತಾಂಶ ಮಾರ್ಗಕ್ಕೆ ನೇರವಾಗಿ ಕೂಡಿಕೊಳ್ಳುತ್ತದೆ. ಸಾಲುಗಳು ಅರವತ್ತೈದು ಸಾವಿರದವರೆಗೂ ಇರಬಹುದು, ಪ್ರತಿಯೊಂದು ಸಾಲಿನಲ್ಲಿಯೂ ಸರಿಸುಮಾರು ಅಷ್ಟೇ ಆಜ್ಞೆಗಳು ನಿಲ್ಲಬಹುದು. ಸೆಕೆಂಡಿಗೆ ಹತ್ತು ಲಕ್ಷ ಓದುಗಳನ್ನು ಪೂರೈಸುವ ಎಸ್‌ಎಸ್‌ಡಿಗಳು ಈಗ ಅಪೂರ್ವವಲ್ಲ. ಹತ್ತು ಲಕ್ಷವೆಂದರೆ ಒಂದೊಂದು ಓದಿಗೂ ಸರಾಸರಿ ಒಂದೇ ಮೈಕ್ರೊಸೆಕೆಂಡು. ಪ್ರತಿಯೊಂದು ಆಜ್ಞೆಗೂ ಹೈಪರ್‌ವೈಸರಿನ ಬಾಗಿಲಿಗೆ ಹೋಗಿ ಬರುವುದೇ ಅದಕ್ಕಿಂತ ಹೆಚ್ಚಿನ ಕಾಲವನ್ನು ನುಂಗುವಾಗ, ಇಷ್ಟು ವೇಗದ ಸಾಧನವನ್ನು ತಂದೂ ತಾರದಂತೆ ಆಗುವುದು. ರಸ್ಟಿ ರಸೆಲ್ ಅವರು 2008ರ ಸುಮಾರಿಗೆ ಲಿನಕ್ಸಿಗಾಗಿ ರೂಪಿಸಿದ ವರ್ಟಿಯೊ ಎಂಬ ಉಪಾಯವು ಈ ಭಾರವನ್ನು ಬಹಳ ಮಟ್ಟಿಗೆ ಇಳಿಸಿತಾದರೂ ಇಲ್ಲವಾಗಿಸಲಿಲ್ಲ.

ಹಾಗಾದರೆ ಮಧ್ಯಸ್ಥನನ್ನೇ ಸರಿಸಿ, ಎಸ್‌ಎಸ್‌ಡಿಯನ್ನು ಕಲ್ಪಿತ ಯಂತ್ರದ ಕೈಗೆ ನೇರವಾಗಿ ಕೊಟ್ಟುಬಿಡಬಾರದೆ? ಕೊಡಬಹುದು, ಕಸುಬುದಾರರು ಇದನ್ನು ಪಾಸ್‌ಥ್ರೂ ಎನ್ನುತ್ತಾರೆ. ಆದರೆ ಇಲ್ಲಿ ದೊಡ್ಡದೊಂದು ಅಪಾಯವುಂಟು. ಎಸ್‌ಎಸ್‌ಡಿಯಂತಹ ಸಾಧನವು ಪ್ರೊಸೆಸರನ್ನು ಕೇಳದೆ ತಾನೇ ಮುಖ್ಯ ಸ್ಮೃತಿಯಲ್ಲಿ ಬರೆಯುತ್ತದೆ, ಅಲ್ಲಿಂದ ಓದುತ್ತದೆ. ಅದರ ಒಡೆತನ ಪಡೆದ ಕಲ್ಪಿತ ಯಂತ್ರವು ದುರುದ್ದೇಶದಿಂದಲೋ ಪ್ರಮಾದದಿಂದಲೋ ತಪ್ಪು ವಿಳಾಸವೊಂದನ್ನು ಕೊಟ್ಟಿತಾದರೆ, ನೆರೆಯ ಯಂತ್ರದ ಗುಟ್ಟುಗಳು ಬಯಲಾಗಬಹುದು, ಹೈಪರ್‌ವೈಸರೇ ಅಳಿಸಿಹೋಗಬಹುದು. ಇದನ್ನು ತಡೆಯುವುದಕ್ಕಾಗಿ ಇಂಟೆಲ್ ಮತ್ತು ಎಎಂಡಿ ಸಂಸ್ಥೆಗಳು ತಮ್ಮ ಯಂತ್ರಗಳಲ್ಲಿ ಐಒಎಂಎಂಯು ಎಂಬ ಅಂಗವನ್ನು ಸೇರಿಸಿದವು. ನನ್ನ ಎಣಿಕೆಯಲ್ಲಿ ಈ ಇಡೀ ವೃತ್ತಾಂತದಲ್ಲಿ ಅತ್ಯಂತ ಆದರಣೀಯವಾದುದು ಇದೇ. ಯಾವ ಸಾಧನವು ಸ್ಮೃತಿಯ ಯಾವ ಯಾವ ಪುಟಗಳನ್ನು ಮುಟ್ಟಬಹುದೆಂಬುದನ್ನು ಹೈಪರ್‌ವೈಸರು ಮೊದಲೇ ಒಂದು ಕೋಷ್ಟಕದಲ್ಲಿ ಬರೆದಿಡುತ್ತದೆ. ಸಾಧನವು ಕೊಟ್ಟ ಪ್ರತಿಯೊಂದು ವಿಳಾಸವನ್ನೂ ಐಒಎಂಎಂಯು ಆ ಕೋಷ್ಟಕದಂತೆ ಬದಲಾಯಿಸಿ, ಅದರಲ್ಲಿಲ್ಲದುದನ್ನು ನಿರಾಕರಿಸುತ್ತದೆ. ಪ್ರತಿಸಲವೂ ಮೇಲಧಿಕಾರಿಯ ಅಪ್ಪಣೆ ಬೇಡುವ ಪದ್ಧತಿ ಹೋಗಿ, ಮುಂಚೆಯೇ ವಿಧಿಸಿಟ್ಟ ಕಟ್ಟಳೆಯ ಆಳ್ವಿಕೆ ಬಂದಿತು. ನೇರ ಪ್ರವೇಶವೆಂದರೆ ಕಾವಲನ್ನು ಕಿತ್ತೆಸೆಯುವುದೆಂದು ಭಾವಿಸುವವರು ಈ ಅಂಶವನ್ನು ಮರೆಯುತ್ತಾರೆ. 2012ರಲ್ಲಿ ಲಿನಕ್ಸಿನ 3.6ನೆಯ ಆವೃತ್ತಿಯೊಡನೆ ಬಂದ ವಿಎಫ್‌ಐಒ ಎಂಬ ವ್ಯವಸ್ಥೆಯು ಈ ಕಟ್ಟಳೆಯನ್ನೇ ಆಧಾರವಾಗಿಟ್ಟುಕೊಂಡು, ಸಾಧನಗಳನ್ನು ಕಲ್ಪಿತ ಯಂತ್ರಗಳಿಗೆ ಒಪ್ಪಿಸುವ ಕಾರ್ಯವನ್ನು ಕ್ರಮಬದ್ಧವಾಗಿ ನಡೆಸುತ್ತಿದೆ.

ವೇಗಕ್ಕೆ ತೆರಬೇಕಾದ ಬೆಲೆಯೂ ಇದೆ. ಸಾಧನವು ಯಾವ ಪುಟವನ್ನು ಯಾವಾಗ ಮುಟ್ಟುವುದೆಂದು ಹೇಳಲು ಬಾರದುದರಿಂದ ಕಲ್ಪಿತ ಯಂತ್ರದ ಸ್ಮೃತಿಯನ್ನು ಸಾಮಾನ್ಯವಾಗಿ ಪೂರ್ತಿಯಾಗಿ ಕಾದಿರಿಸಿಡಬೇಕು. ಒಂದು ಎಸ್‌ಎಸ್‌ಡಿ ಒಬ್ಬನ ಸೊತ್ತಾಗುವುದರಿಂದ ಹಲವರು ಹಂಚಿಕೊಳ್ಳುವಂತಿಲ್ಲ. 2007ರ ಎಸ್‌ಆರ್-ಐಒವಿ ನಿಯಮವನ್ನು ಅನುಸರಿಸುವ ಎಸ್‌ಎಸ್‌ಡಿಯು ತಾನೇ ಹಲವು ಸಾಧನಗಳಾಗಿ ಕಾಣಿಸಿಕೊಂಡು ಈ ಕೊರತೆಯನ್ನು ನೀಗಬಲ್ಲದು. ಇನ್ನು, ಒಬ್ಬನು ಬಿಟ್ಟುಹೋದ ಎಸ್‌ಎಸ್‌ಡಿಯನ್ನು ಮತ್ತೊಬ್ಬನಿಗೆ ಕೊಡುವ ಮುನ್ನ ಹಿಂದಿನವನ ಬರಹವನ್ನು ನಿಶ್ಶೇಷವಾಗಿ ಅಳಿಸಬೇಕು. ಅವನು ಸಾಧನದ ಒಳಗಿನ ತಂತ್ರಾಂಶವಾದ ಫರ್ಮ್‌ವೇರನ್ನು ತಿದ್ದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬಾಡಿಗೆಗೆ ಗಣಕಗಳನ್ನು ಕೊಡುವವರು ಈ ವಿಷಯದಲ್ಲಿ ಎಷ್ಟು ನಿಷ್ಠುರವಾಗಿದ್ದರೂ ಅದು ಅತಿಯಾಗಲಾರದು.

ಅಮೆಜಾನ್ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ನೈಟ್ರೊ ಎಂಬ ವ್ಯವಸ್ಥೆ ಮೂರನೆಯ ಹಾದಿಯನ್ನು ಹಿಡಿಯಿತು. ಮಧ್ಯಸ್ಥನ ಕೆಲಸವನ್ನೇ ಪ್ರೊಸೆಸರಿನಿಂದ ಬಿಡಿಸಿ ಪ್ರತ್ಯೇಕವಾದ ಕಾರ್ಡಿಗೆ ವಹಿಸಿದ್ದರಿಂದ, ಜಾಲದಾಚೆ ಇರುವ ಸಂಗ್ರಹವೂ ಕಲ್ಪಿತ ಯಂತ್ರದ ಕಣ್ಣಿಗೆ ಪಕ್ಕದಲ್ಲಿಯೇ ಇರುವ ಎನ್‌ವಿಎಂಇ ಸಾಧನದಂತೆ ಕಾಣುತ್ತದೆ.

ಎಲ್ಲಕ್ಕಿಂತ ಕಠಿನವಾದುದು ಸ್ಥಳಾಂತರದ ಪ್ರಶ್ನೆ. ನಡೆಯುತ್ತಿರುವ ಕಲ್ಪಿತ ಯಂತ್ರವನ್ನು ನಿಲ್ಲಿಸದೆಯೇ ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವ ಸೌಕರ್ಯದಿಂದಲೇ ಸರ್ವರುಗಳ ದುರಸ್ತಿಯು ಬಳಕೆದಾರರಿಗೆ ತಿಳಿಯದಂತೆ ನಡೆಯುತ್ತಿದೆ. ಹೈಪರ್‌ವೈಸರು ನಡುವೆ ಇದ್ದಾಗ ಯಾವ ಆಜ್ಞೆ ಮುಗಿಯಿತು, ಯಾವುದು ಬಾಕಿಯಿದೆ ಎಂಬುದೆಲ್ಲ ಅದಕ್ಕೆ ತಿಳಿದಿರುತ್ತಿತ್ತು. ನೇರ ಪ್ರವೇಶದಲ್ಲಿ ಆ ಸಮಾಚಾರವು ಎಸ್‌ಎಸ್‌ಡಿಯ ಒಳಗೇ ಅಡಗಿರುತ್ತದೆ. ಅದನ್ನು ಹೊರತೆಗೆದು ಮತ್ತೊಂದು ಎಸ್‌ಎಸ್‌ಡಿಗೆ ತುಂಬುವ ಕ್ರಮವು ಎನ್‌ವಿಎಂಇ ನಿಯಮಾವಳಿಯಲ್ಲಿ ಸೇರಿದುದು 2024ರಲ್ಲಿ, ಅದರ 2.1ನೆಯ ಆವೃತ್ತಿಯಲ್ಲಿ. ಹಾಗಿದ್ದರೂ ಸಾಧನದ ಸ್ಥಿತಿ ಬೇರೆ, ಅದರಲ್ಲಿ ಶೇಖರವಾದ ದತ್ತಾಂಶ ಬೇರೆ. ಹಲವು ಟೆರಾಬೈಟುಗಳ ದತ್ತಾಂಶವನ್ನು ಜಾಲದ ಮೂಲಕ ಪ್ರತಿ ಮಾಡದೆ ಗತಿಯಿಲ್ಲ. ಆದುದರಿಂದಲೇ ಸ್ಥಳೀಯ ಎಸ್‌ಎಸ್‌ಡಿಯ ವೇಗವನ್ನು ಬಯಸುವ ಕಸ್ಸಾಂಡ್ರದಂತಹ ಡೇಟಾಬೇಸುಗಳನ್ನು ನಡೆಸುವವರು, ಸರ್ವರೊಂದು ಯಾವ ಕ್ಷಣದಲ್ಲಾದರೂ ಇಲ್ಲವಾಗಬಹುದೆಂದು ಮೊದಲೇ ಗ್ರಹಿಸಿ, ಒಂದೊಂದು ದಾಖಲೆಯನ್ನೂ ಸಾಮಾನ್ಯವಾಗಿ ಮೂರು ಬೇರೆ ಬೇರೆ ಯಂತ್ರಗಳಲ್ಲಿ ಬರೆದಿಡುತ್ತಾರೆ.